ಕೌದಿಗೆ ಹಾಕಿದ ಹೊಸ ಸೀರೆ

ಇಂಗ್ಲೆಂಡಿಗೆ ಹೋಗಿ ಬಂದವಳು ಎಂದು ತುಮಕೂರಿನಲ್ಲಿ ಯಾರಾದರೂ ನನ್ನ ಪರಿಚಯ ಮಾಡಿಕೊಟ್ಟರೆ ನನಗೆ ಸಂಕೋಚ. ಮುಂದಿನ ಪ್ರಶ್ನೆ ಏನೆಂದು ಗೊತ್ತು. ರಾಣಿಯ ಅರಮನೆ ನೋಡಿದಿರಾ, ಆ ದೊಡ್ಡ ಗಡಿಯಾರ ನೋಡಿದಿರಾ? ಲಂಡನ್ನನ್ನು ನಾನು ನೋಡಿದ್ದು ಬಸ್ಸಿನ ಕಿಟಕಿಯಿಂದ, ಅದೂ ಅರ್ಧ ನಿದ್ದೆಯಲ್ಲಿ. ಆರು ತಿಂಗಳಲ್ಲಿ ಸರಿಯಾಗಿ ನೋಡಿದ ಜಾಗ ಒಂದೇ. ಉತ್ತರದ ಕಡೆಯ ಒಂದು ಕಲ್ಲಿದ್ದಲು ಗಣಿಯ ಊರಿನಲ್ಲಿ, ಒಬ್ಬ ಅಜ್ಜಿಯ ಮನೆಯ ಮುಂದಿನ ಕೋಣೆ. ಅಲ್ಲಿ ನಾನು ಕೌದಿ ಹೊಲಿಯಲು ಕಲಿತೆ. ಆ ಅಜ್ಜಿ ಮೊಮ್ಮಗಳ ಮದುವೆಗೆಂದು ಹೊಲಿಸಿದ ಕೌದಿಯನ್ನು ಹಾಳು ಮಾಡಿದೆನೇನೋ ಎಂಬ ಭಯದಲ್ಲಿ ನಾಲ್ಕು ದಿನ ಅನ್ನ ಸೇರದೆ ಓಡಾಡಿದ್ದೂ ಅಲ್ಲೇ. ನನ್ನ ಪ್ರವಾಸ ಅಂದರೆ ಅಷ್ಟೇ.

ಗುಬ್ಬಿ, ಹೊರಡುವ ಮುಂಚೆ

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮವರಿಗೆ ಫ್ಯಾಕ್ಟರಿಯಿಂದ ಆರು ತಿಂಗಳ ಟ್ರೈನಿಂಗ್ ಬಂತು. ಮದುವೆಯಾಗಿ ಎರಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ, ನಾನೂ ಹೋಗುವುದೆಂದಾಯಿತು. ತುಮಕೂರಿನಿಂದ ಗುಬ್ಬಿಗೆ ಅಮ್ಮನಿಗೆ ಹೇಳಿಬರಲು ಹೋದರೆ ಅವಳು ಒಂದು ಕೈಮಗ್ಗದ ಸೀರೆ ತಂದು ಮುಂದಿಟ್ಟಳು. ಅಚ್ಚ ಕೆಂಪು, ಸಣ್ಣ ಹಳದಿ ಅಂಚು. ನಾವೆಲ್ಲ ನೈಲೆಕ್ಸ್ ಉಡುತ್ತಿದ್ದ ಕಾಲ. ಒಗೆದು ಕೊಡವಿದರೆ ಸಾಕು, ಇಸ್ತ್ರಿ ಬೇಡ. ಜೊತೆಗೆ ಕಾನ್ವೆಂಟಿನಲ್ಲಿ ಓದಿದವಳೆಂಬ ಜಂಬ ಬೇರೆ. ಇದು ಅಜ್ಜಿಯರ ಸೀರೆ ಎಂದು ಮುಖ ಸಣ್ಣದು ಮಾಡಿದೆ.

"ನಿನ್ ನೈಲೆಕ್ಸು ಚಳೀಲಿ ಮೈಗೆ ಅಂಟ್ಕೊಂಡು ಕೊರೀತದೆ ಕಣೇ. ಇದನ್ನ ಉಡು. ಉಡ್ದೆ ಇದ್ರೆ ಹೊದ್ಕೊ," ಎಂದು ಅಮ್ಮ ಅದನ್ನು ಟ್ರಂಕಿನಲ್ಲಿ ಸಾರಿನಪುಡಿಯ ಡಬ್ಬಿಯ ಸುತ್ತ ಸುತ್ತಿ ಇಟ್ಟಳು. ಡಬ್ಬಿ ಒಡೆಯಲಿಲ್ಲ. ಸೀರೆಗೆ ಮಾತ್ರ ಕೊನೆಯವರೆಗೂ ಇಂಗಿನ ವಾಸನೆ ಇತ್ತು.

ಆ ಊರು, ಮೊದಲ ತಿಂಗಳು

ಬೀದಿಯುದ್ದಕ್ಕೂ ಒಂದಕ್ಕೊಂದು ಅಂಟಿದ ಮನೆಗಳು. ಇಟ್ಟಿಗೆಗೆಲ್ಲ ಮಸಿ ಹಿಡಿದಿದೆ, ಹೊಸ್ತಿಲು ಮಾತ್ರ ಬೆಳ್ಳಗೆ. ಬೆಳಗಾದರೆ ಹೆಂಗಸರು ಮಂಡಿಯೂರಿ ಹೊಸ್ತಿಲ ಕಲ್ಲಿಗೆ ಒಂದು ಬಿಳಿ ಕಲ್ಲು ಉಜ್ಜುತ್ತಾರೆ. ರಂಗೋಲಿ ಒಂದಿಲ್ಲ ಅಷ್ಟೆ. ಉಜ್ಜಿ ಒಳಗೆ ಹೋದರೆಂದರೆ ಬಾಗಿಲು ಮುಚ್ಚಿತು. ನಮ್ಮಲ್ಲಿ ಹಾಗೆ ಹಗಲು ಹೊತ್ತು ಬಾಗಿಲು ಮುಚ್ಚಿದರೆ ಯಾರಿಗೋ ಏನೋ ಆಗಿದೆ ಎಂದು ಅಕ್ಕಪಕ್ಕದವರು ಬಂದು ನಿಲ್ಲುತ್ತಾರೆ.

ನಾವಿದ್ದದ್ದು ಡೋರೀನ್ ಎಂಬಾಕೆಯ ಮನೆಯ ಮಹಡಿಯಲ್ಲಿ. ನಲವತ್ತೈದರ ಆಸುಪಾಸು, ಮಾತು ಕತ್ತರಿ. ಅವರ ಇಂಗ್ಲಿಷು ನನ್ನ ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಲ್ಲ. ಪದದ ಬಾಲವನ್ನೆಲ್ಲ ನುಂಗಿಬಿಡುತ್ತಾರೆ, ನಮ್ಮ ಗುಬ್ಬಿಯವರ ಹಾಗೆ. ಆದ್ದರಿಂದ ಅವರ ಮಾತನ್ನು ಇಲ್ಲಿ ನಮ್ಮ ಮಾತಿನಲ್ಲೇ ಬರೆದರೆ ಹೆಚ್ಚು ಸುಳ್ಳಾಗದು. ಎದುರಿಗೆ ಸಿಕ್ಕವರನ್ನೆಲ್ಲ 'ಪೆಟ್' ಎನ್ನುತ್ತಾರೆ. ನಾಯಿ ಸಾಕುವವರ ಮಾತು ಎಂದುಕೊಂಡಿದ್ದೆ. ನಮ್ಮ 'ಮಗಾ' ಇದ್ದ ಹಾಗೆ ಅದು.

ಮೊದಲ ಭಾನುವಾರ ಡೋರೀನ್ ಟೀಗೆ ಕರೆದಳು. ಟೀ ತಾನೇ ಎಂದು ನಾವಿಬ್ಬರೂ ಹೊಟ್ಟೆ ತುಂಬ ಚಿತ್ರಾನ್ನ ತಿಂದು ಕೆಳಗಿಳಿದೆವು. ಮೇಜಿನ ತುಂಬ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಆಲೂಗಡ್ಡೆ, ಮೂರು ಥರದ ಕೇಕು. ಅವರ ರಾತ್ರಿಯ ಊಟವೇ ಅದು. ನಾವು ತಿಂದು ಬಂದಿದ್ದೇವೆ ಎಂದಾಗ ಇಡೀ ಮೇಜು ತಣ್ಣಗಾಯಿತು. ಆಗ ಮಾತೆತ್ತಿದವರು ಡೋರೀನಳ ತಾಯಿ ಮಿಸೆಸ್ ಹೆಡ್ಲಿ. ಎಪ್ಪತ್ತು ದಾಟಿತ್ತು. ಪಕ್ಕದ ಬೀದಿಯಲ್ಲಿ ಒಬ್ಬರೇ ಇದ್ದರು. ನನ್ನ ಸೀರೆಯ ಸೆರಗನ್ನು ಬೆರಳಲ್ಲಿ ಹಿಡಿದು ನೋಡಿ, ಸೂಜಿ ಹಿಡಿಯಲು ಬರುತ್ತದೆಯೇ ಎಂದು ಕೇಳಿದರು.

ಚೌಕಟ್ಟಿನ ಮುಂದೆ

ಅವರ ಮುಂದಿನ ಕೋಣೆಯಲ್ಲಿ ಮಂಚದಷ್ಟು ಉದ್ದದ ಮರದ ಚೌಕಟ್ಟು. ಕೆಳಗೊಂದು ಬಟ್ಟೆ, ಮೇಲೊಂದು ಬಟ್ಟೆ, ನಡುವೆ ಹತ್ತಿ ಇಟ್ಟು ತಮಟೆಯ ಹಾಗೆ ಬಿಗಿದು, ಎರಡೂ ಕಡೆ ಹೆಂಗಸರು ಕುಳಿತು ಹೊಲಿಯುತ್ತಾರೆ. ಮೊದಲು ಸೀಮೆಸುಣ್ಣದಲ್ಲಿ ಗರಿ, ಹಗ್ಗ, ಗುಲಾಬಿ ಗೆರೆ ಹಾಕಿ, ಆ ಗೆರೆಯ ಮೇಲೆ ಸಣ್ಣ ಹೊಲಿಗೆ. ಒಂದು ಕೈ ಮೇಲೆ, ಒಂದು ಕೈ ಕೆಳಗೆ. ಕೆಳಗಿನ ಬೆರಳಿಗೆ ಸೂಜಿಯ ತುದಿ ತಾಕಬೇಕು, ಚುಚ್ಚಬಾರದು.

ನನಗೆ ಕೌದಿ ಗೊತ್ತಿತ್ತು, ಹೊಲಿದು ಗೊತ್ತಿರಲಿಲ್ಲ. ಕುಣಿಗಲ್‌ನಲ್ಲಿ ನನ್ನ ಅತ್ತೆಯ ಮನೆ ಜಗಲಿಗೆ ವರ್ಷಕ್ಕೊಂದು ಸಲ ಕೌದಿ ಹೊಲಿಯುವ ಹೆಂಗಸರು ಬರುತ್ತಿದ್ದರು. ಹಳೆ ಸೀರೆ, ಪಂಚೆ, ಹರಿದ ಲಂಗಗಳನ್ನು ನೆಲಕ್ಕೆ ಹಾಸಿ ಅದರ ಮೇಲೇ ಕುಳಿತು, ಅಂಚಿನಿಂದ ಒಳಕ್ಕೆ ಹೊಲಿಯುತ್ತಾ ಬರುತ್ತಿದ್ದರು. ಹೊಸ ಬಟ್ಟೆ ಹಾಕುತ್ತಿರಲಿಲ್ಲ. ಕೌದಿಗೆ ಹೊಸದು ಹಾಕಬಾರದಮ್ಮ ಎಂದು ಅತ್ತೆ ಒಮ್ಮೆ ನನ್ನ ಕೈಯಿಂದ ಹೊಸ ತುಂಡೊಂದನ್ನು ಕಿತ್ತುಕೊಂಡಿದ್ದರು. ಯಾಕೆ ಎಂದು ನಾನು ಕೇಳಲಿಲ್ಲ. ಜಿಪುಣತನ ಎಂದುಕೊಂಡೆ.

ಸಿಸ್ಟರುಗಳು ನಮಗೆ ಕರವಸ್ತ್ರದ ಅಂಚು ಮಡಚಿ, ಹೊಲಿಗೆ ಕಾಣದಂತೆ ಹೊಲಿಯುವುದನ್ನು ವರ್ಷಗಟ್ಟಲೆ ಕಲಿಸಿದ್ದರು. ಮಿಸೆಸ್ ಹೆಡ್ಲಿ ನನ್ನ ಮೊದಲ ಸಾಲಿನ ಮೇಲೆ ಬೆರಳಾಡಿಸಿ, "ನಿಂಗೆ ಹೊಲಿಗೆ ಕಲಿಸ್ದೋರು ಚೆನ್ನಾಗಿ ಬೈದವ್ರೆ," ಎಂದರು. ಎಲ್ಲರೂ ನಕ್ಕರು. ಆ ಊರಿನಲ್ಲಿ ನನ್ನನ್ನು ಕೂರಿಸಿಕೊಂಡು ನಕ್ಕದ್ದು ಅದೇ ಮೊದಲು.

ಎರಡನೇ ದಿನವೇ ಬೆರಳು ಚುಚ್ಚಿ ಬಿಳಿ ಬಟ್ಟೆಯ ಮೇಲೆ ಒಂದು ಹನಿ ರಕ್ತ ಬಿತ್ತು. ನಾನು ನೀರಿಗೆ ಎದ್ದರೆ ಅವರು ಬಿಡಲಿಲ್ಲ. ಒಂದು ತುಂಡು ಬಿಳಿ ದಾರ ಬಾಯಲ್ಲಿ ಅಗಿದು ಆ ಎಂಜಲಿನಿಂದಲೇ ಒರೆಸಬೇಕಂತೆ. ಯಾರ ರಕ್ತವೋ ಅವರದೇ ಎಂಜಲು ಆಗಬೇಕು, ಬೇರೆಯವರದು ನಡೆಯದು. ಅಡುಗೆಯ ಸೌಟು ತುಟಿಗೆ ತಾಕಿದರೆ ತೊಳೆಸುತ್ತಿದ್ದ ಮನೆಯಲ್ಲಿ ಬೆಳೆದವಳು ನಾನು. ಯಾರದೋ ಮಂಚಕ್ಕೆ ಹಾಸುವ ವಸ್ತ್ರಕ್ಕೆ ಎಂಜಲು! ಆದರೂ ಕಣ್ಣು ಮುಚ್ಚಿ ದಾರ ಅಗಿದೆ. ಕಲೆ ಹೋಯಿತು. ಗುಬ್ಬಿಗೆ ಬರೆದ ಕಾಗದದಲ್ಲಿ ಇದನ್ನು ಬರೆಯಲಿಲ್ಲ.

ಕೆಂಪು ಸಾಲದೆ ಹೋದ ದಿನ

ಮಾರ್ಚಿನಲ್ಲಿ ಮದುವೆಯ ಕೌದಿ ಶುರುವಾಯಿತು. ಡೋರೀನಳ ಮಗಳಿಗೆ ಜೂನ್ ತಿಂಗಳಲ್ಲಿ ಮದುವೆ. ಬಿಳಿ ಪಟ್ಟಿ, ಕೆಂಪು ಪಟ್ಟಿ, ಮತ್ತೆ ಬಿಳಿ, ಹೀಗೆ ತಲೆಯಿಂದ ಕಾಲಿನವರೆಗೆ ಉದ್ದುದ್ದ. ಕೆಂಪು ಬಟ್ಟೆ ಮಿಸೆಸ್ ಹೆಡ್ಲಿಯವರ ತಾಯಿಯ ಕಾಲದ್ದು, ಪೆಟ್ಟಿಗೆಯಲ್ಲಿ ಉಳಿದಿತ್ತು. ಇದೇ ನನ್ನ ಕೊನೆಯದು ಎಂದು ಅವರು ಮೊದಲೇ ಹೇಳಿಬಿಟ್ಟಿದ್ದರು. ಕಣ್ಣಿಗೆ ಪೊರೆ ಬರುತ್ತಿತ್ತು. ಗಾಢ ಬಣ್ಣ ಕಾಣುತ್ತಿತ್ತು. ತಿಳಿ ಬಣ್ಣಗಳೆಲ್ಲ ಅವರಿಗೆ ಒಂದೇ ಬಿಳುಪು. ಗರಿಗಳನ್ನು ಬೆರಳಿನಿಂದಲೇ ನೋಡಿಕೊಂಡು ಹೊಲಿಯುತ್ತಿದ್ದರು.

ಪಟ್ಟಿ ಜೋಡಿಸುವಾಗ ಹೊರಗಿನ ಎರಡಕ್ಕೆ ಕೆಂಪು ಸಾಲಲಿಲ್ಲ. ಅಂಗಡಿಯದು ಕಿತ್ತಳೆಯಂತೆ ಕಂಡಿತು. ಎಲ್ಲರೂ ಸಪ್ಪೆಯಾಗಿ ಕುಳಿತಿದ್ದಾಗ ನಾನು ಮನೆಗೆ ಓಡಿಹೋಗಿ ಅಮ್ಮನ ಸೀರೆ ತಂದು ಚೌಕಟ್ಟಿನ ಮೇಲೆ ಹರಡಿದೆ. ಹಳೆಯ ಕೆಂಪಿನ ಪಕ್ಕ ಇಟ್ಟರೆ ಯಾವುದು ಯಾವುದೆಂದು ತಿಳಿಯದಷ್ಟು ಹೊಂದಿತು. ಊರಿನಲ್ಲಿ ಮುಖ ಸಣ್ಣದು ಮಾಡಿದ್ದ ಸೀರೆಯನ್ನು ಆ ಹೆಂಗಸರು ಕೆನ್ನೆಗೆ ಒತ್ತಿಕೊಂಡು ನೋಡಿದರು.

"ಬಣ್ಣ ನಿಲ್ತದಾ ಮಗಾ?" ಎಂದು ಮಿಸೆಸ್ ಹೆಡ್ಲಿ ಕೇಳಿದರು.

ನಿಲ್ಲುತ್ತೆ ಎಂದೆ. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದರೆ ಸೀರೆಯನ್ನು ಮಡಚಿ ಕೈಗೆ ಕೊಟ್ಟುಬಿಡುತ್ತಾರೆ ಎನ್ನಿಸಿತ್ತು.

ಉಳಿದ ಸೀರೆಯಲ್ಲಿ ನನಗೂ ಒಂದು ಸಣ್ಣ ಕೌದಿ ಮಾಡಿಕೊಳ್ಳಲು ಅವರೇ ಹೇಳಿದರು. ತೊಡೆ ಮುಚ್ಚುವಷ್ಟು. ಅವರು ಕೊಟ್ಟ ಬಿಳಿ ಬಟ್ಟೆಯ ಮೇಲೆ ನಾನು ಗರಿ ಹಾಕಲಿಲ್ಲ, ಕಾರ್ನ್‌ಫ್ಲೇಕ್ಸ್ ಡಬ್ಬದ ರಟ್ಟಿನಲ್ಲಿ ಮಾವಿನಕಾಯಿ ಕತ್ತರಿಸಿ ಅದರ ಗೆರೆ ಹಾಕಿದೆ. ಹಗಲು ಅವರ ಮನೆಯ ಕೌದಿ, ಸಂಜೆ ನನ್ನದು. ಕೆಳಗಿನ ಬೆರಳಿನ ತುದಿ ಹುರಿಗಡಲೆಯ ಹಾಗೆ ಗಟ್ಟಿಯಾಯಿತು. ಮದುವೆಗೆ ಒಂದು ವಾರ ಮುಂಚೆ ದೊಡ್ಡದು ಚೌಕಟ್ಟಿನಿಂದ ಇಳಿಯಿತು. ನನ್ನದು ಮುಗಿದದ್ದು ಮದುವೆಯ ವಾರ, ಮಂಗಳವಾರ.

ಬುಧವಾರ

ಸೀಮೆಸುಣ್ಣದ ಗೆರೆ ಹೋಗಲೆಂದು ನನ್ನ ಕೌದಿಯನ್ನು ಅಡುಗೆಮನೆಯ ತೊಟ್ಟಿಯಲ್ಲಿ ಬಿಸಿನೀರಿಗೆ ಹಾಕಿ, ಅನ್ನಕ್ಕಿಟ್ಟು ಬಂದೆ. ತಿರುಗಿ ನೋಡಿದಾಗ ತೊಟ್ಟಿಯ ನೀರು ಬೀಟ್‌ರೂಟ್ ಬೇಯಿಸಿದ ಹಾಗಿತ್ತು. ಎತ್ತಿದೆ. ಬಿಳಿ ಎಂಬುದೇ ಇಲ್ಲ. ನನ್ನ ಮಾವಿನಕಾಯಿಗಳೆಲ್ಲ ಗುಲಾಬಿ.

ಮೂರು ತಿಂಗಳ ಕೆಲಸ. ಆದರೆ ಅದಕ್ಕಾಗಿ ನಾನು ಅಳಲಿಲ್ಲ. ಪಕ್ಕದ ಬೀದಿಯ ಕೌದಿಯಲ್ಲೂ ಇದೇ ಸೀರೆ ಇದೆ, ಅದೂ ಎರಡು ಉದ್ದದ ಪಟ್ಟಿ, ಅದೂ ಬಿಳಿಯ ಪಕ್ಕದಲ್ಲೇ.

ನಮ್ಮ ಮನೆಯಲ್ಲಿ ಹೊಸ ಸೀರೆಗೆ ಮೊದಲ ನೀರು ತೋರಿಸುವುದು ಅಮ್ಮನ ಕೆಲಸ. ಉಪ್ಪುನೀರಿನಲ್ಲಿ ನೆನೆಸಿ, ನೀರು ತಿಳಿಯಾಗುವವರೆಗೆ ಜಾಲಿಸಿ, ನೆರಳಲ್ಲಿ ಒಣಗಿಸಿ ಆಮೇಲೆ ನಮಗೆ ಕೊಡುತ್ತಿದ್ದಳು. ನನ್ನ ಕೈಗೆ ಬರುವ ಹೊತ್ತಿಗೆ ಸೀರೆ ಬಣ್ಣ ಬಿಟ್ಟು ಮುಗಿದಿರುತ್ತಿತ್ತು. ಈ ಸೀರೆಯೊಂದು ಅವಸರದಲ್ಲಿ ಮಗ್ಗದಿಂದ ನೇರ ಟ್ರಂಕಿಗೆ ಬಂದಿತ್ತು. ಕೌದಿಗೆ ಹೊಸದು ಹಾಕಬಾರದು ಎಂದು ಅತ್ತೆ ಅಂದದ್ದು ಯಾಕೆಂದು ಆ ತೊಟ್ಟಿಯ ಮುಂದೆ ಅರ್ಥವಾಯಿತು.

ನಮ್ಮವರು ಬಂದ ಮೇಲೆ ತೋರಿಸಿದೆ. ಗಾಬರಿಯಾದರೆ ಅವರ ಬಾಯಲ್ಲಿ ಕುಣಿಗಲ್ ಬಂದುಬಿಡುತ್ತದೆ. "ಬುಡು, ಯಾರ್ಗೂ ಹೇಳ್ಬೇಡ. ಅವ್ರು ಅದನ್ನ ಇನ್ಯಾವಾಗ್ಲೋ ಒಗೀತಾರೆ. ಅಷ್ಟೊತ್ಗೆ ನಾವು ತುಮಕೂರಲ್ಲಿರ್ತೀವಿ."

ಅವರದು ಕೆಟ್ಟ ಮನಸ್ಸಲ್ಲ. ಇನ್ನೊಂದು ತಿಂಗಳು ಡೋರೀನಳ ಮನೆಯಲ್ಲೇ ಇರಬೇಕಿತ್ತು. ನಾನು ತೊಟ್ಟಿ ಉಜ್ಜಿದೆ. ಅದಕ್ಕೂ ಗುಲಾಬಿ ಹಿಡಿದಿತ್ತು.

ಗುರುವಾರ

ಹೇಳಿಬಿಡೋಣವೆಂದೇ ಕೆಳಗಿಳಿದೆ. ಆದರೆ ಅಂದು ಡೋರೀನಳ ಮನೆಯಲ್ಲಿ ಉಡುಗೊರೆ ತೋರಿಸುವ ದಿನ. ಮದುವೆಗೆ ಬಂದ ವಸ್ತುಗಳನ್ನೆಲ್ಲ ಮದುಮಗಳ ಮಂಚದ ಮೇಲೆ ಜೋಡಿಸಿ ಬೀದಿಯವರನ್ನು ಕರೆದು ತೋರಿಸುತ್ತಾರೆ. ನಮ್ಮಲ್ಲಿ ಮುಯ್ಯಿ ಓದುವ ಹಾಗೆ ಕೂಗುವುದಿಲ್ಲ, ಸುಮ್ಮನೆ ನೋಡುತ್ತಾರೆ. ಎಲ್ಲದರ ನಡುವೆ ಕೌದಿ.

ಹೊರಗೆ ಮಳೆ. ಬಂದವರೆಲ್ಲ ಒದ್ದೆ ಕೋಟಿನಲ್ಲಿ, ಕೈಯಲ್ಲಿ ಟೀ ಕಪ್ಪು. ನಾನು ಮಂಚದ ಪಕ್ಕ ನಿಂತು ಪ್ರತಿಯೊಂದು ಕೋಟಿನ ತೋಳನ್ನೂ, ಪ್ರತಿಯೊಂದು ಕಪ್ಪಿನ ಅಂಚನ್ನೂ ಕಾಯುತ್ತಿದ್ದೆ. ಇವಳದೇ ಆ ಕೆಂಪು ಎಂದು ಡೋರೀನ್ ಬಂದವರಿಗೆಲ್ಲ ನನ್ನನ್ನು ತೋರಿಸುತ್ತಿದ್ದಳು. ಒಬ್ಬಾಕೆ ಕೊಡೆ ಮಡಚಿದ ಕೈಯಲ್ಲೇ ಕೌದಿಯ ಮೂಲೆ ಹಿಡಿದು ತಿರುಗಿಸಿ ನೋಡಿದಳು. ಬಿಟ್ಟಾಗ ಅವಳ ಹೆಬ್ಬೆರಳಿನ ಮೇಲೆ ನಸುಗೆಂಪು. ಅವಳು ನೋಡಿಕೊಳ್ಳಲಿಲ್ಲ, ಕರವಸ್ತ್ರಕ್ಕೆ ಒರೆಸಿಕೊಂಡು ಕೇಕಿನ ಕಡೆ ಹೋದಳು. ನಾನು ಮಾತ್ರ ನೋಡಿದೆ. ಹೇಳಲೆಂದೇ ಬಾಯಿ ತೆರೆದೆ. ಅವರು ಕೊಟ್ಟ ಟೀಯನ್ನೇ ಕುಡಿದೆ.

ಶುಕ್ರವಾರ

ಬೆಳಿಗ್ಗೆ ಗುಲಾಬಿ ಕೌದಿಯನ್ನು ಚೀಲದಲ್ಲಿಟ್ಟುಕೊಂಡು ಮಿಸೆಸ್ ಹೆಡ್ಲಿಯ ಮನೆಗೆ ಹೋದೆ. ಅಡುಗೆಮನೆಯಲ್ಲಿ ಕೈ ಅಂದಾಜಿನಲ್ಲೇ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದರು.

"ಆ ಕೆಂಪು ಬಣ್ಣ ಬಿಡುತ್ತೆ. ನಿಲ್ಲುತ್ತೆ ಅಂತ ನಾನು ಗೊತ್ತಿಲ್ಲದೆ ಹೇಳಿದೆ," ಎಂದೆ.

ಅವರು ಕೈಯಲ್ಲಿದ್ದ ಆಲೂಗಡ್ಡೆಯನ್ನು ಪೂರ್ತಿ ಸುಲಿದು ನೀರಿಗೆ ಹಾಕಿದರು. "ಎಷ್ಟು ಬಿಡ್ತದೆ?"

ನನ್ನ ಕೌದಿಯನ್ನು ಅವರ ತೊಡೆಯ ಮೇಲಿಟ್ಟೆ. ಅದನ್ನು ಕಿಟಕಿಗೆ ಹಿಡಿದು ಕಣ್ಣಿನ ಹತ್ತಿರಕ್ಕೆ ತಂದುಕೊಂಡರು. "ನಂಗೆ ಇದು ಬಿಳೀನೇ. ನೀನೇ ಹೇಳ್ಬೇಕು."

ಒಂದು ಬೆರಳಷ್ಟು ಜಾಗವೂ ಬಿಳಿ ಉಳಿದಿಲ್ಲ ಎಂದು ಹೇಳಿದೆ. ಅವರು ಡೋರೀನಳನ್ನು ಕರೆಸಿದರು. ಅವಳು ತಲೆಗೆ ಕರ್ಲರ್ ಸುತ್ತಿಕೊಂಡೇ ಬಂದಳು, ಕೇಳಿದಳು, ನನ್ನ ಕಡೆ ತಿರುಗಿದಳು.

"ಬುಧ್ವಾರ ಗೊತ್ತಾಯ್ತು ಅಂತೀಯ. ನಿನ್ನೆ ನಮ್ಮನೇಲಿ ನಿಂತ್ಕೊಂಡು ಮೂರು ಸಲ ಟೀ ಕುಡ್ದಲ್ಲ, ಆಗ ಬಾಯಿ ಇರ್ಲಿಲ್ವಾ?"

ಹಾಗೇ ಮಡಚಿ ಕೊಟ್ಟುಬಿಡೋಣ, ಒಗೆಯಬೇಡ ಎಂದು ಹೇಳಿದರಾಯಿತು ಎಂದಳು ಡೋರೀನ್. ಮಿಸೆಸ್ ಹೆಡ್ಲಿ ಒಪ್ಪಲಿಲ್ಲ. ಮಂಚದ ಮೇಲೆ ಹಾಸುವುದು ಒಂದಲ್ಲ ಒಂದು ದಿನ ನೀರಿಗೆ ಬೀಳಲೇಬೇಕು, ಮಕ್ಕಳಾದ ಮೇಲಂತೂ ಬಿದ್ದೇ ಬೀಳುತ್ತದೆ. ತಾವಿರುವಾಗಲೇ, ತಮ್ಮೆದುರಿಗೇ ಬೀಳಲಿ ಎಂದರು. ನಿಮ್ಮಲ್ಲಿ ಇದನ್ನು ಹೇಗೆ ಒಗೆಯುತ್ತಾರೆ ಎಂದು ನನ್ನನ್ನು ಕೇಳಿದರು.

ಕುಣಿಗಲ್ ಕೆರೆಯ ತೂಬಿನ ಹತ್ತಿರ ಅತ್ತೆ ಮತ್ತು ಅವರ ಓರಗಿತ್ತಿ ಬಣ್ಣ ಬಿಡುವ ಬಟ್ಟೆ ಒಗೆಯುವುದನ್ನು ನಾನು ದಂಡೆಯ ಮೇಲೆ ನಿಂತು ನೋಡಿದ್ದೆ. ಹರಿಯುವ ನೀರಿನಲ್ಲಿ ಇಬ್ಬರೂ ಎದುರುಬದುರು ಹಿಡಿದು, ಒಂದು ಗಳಿಗೆಯೂ ನಿಲ್ಲಿಸದೆ ಆಡಿಸುತ್ತಿದ್ದರು. ಬಟ್ಟೆ ನಿಂತರೆ ಬಣ್ಣ ಕೂರುತ್ತದೆ. ನೋಡಿದ್ದೆ, ಅಷ್ಟೇ.

ಡೋರೀನ್ ಮನೆಗೆ ಹೋಗಿ ಮದುವೆಯ ಕೌದಿ ತಂದ ಮೇಲೆ ಅಲ್ಲೇ ಸ್ನಾನದ ತೊಟ್ಟಿಗೆ ತಣ್ಣೀರು ಬಿಟ್ಟೆವು. ಡೋರೀನ್ ಬಿಸಿನೀರಿನ ನಲ್ಲಿಗೆ ಕೈ ಹಾಕಿದಾಗ ನಾನು ಅವಳ ಕೈ ಹಿಡಿದೆ. ನಾನು ಹಾಗೆ ಯಾರ ಕೈಯನ್ನೂ ಹಿಡಿದವಳಲ್ಲ. ಮನೆಯಲ್ಲಿದ್ದ ಉಪ್ಪನ್ನೆಲ್ಲ ಸುರಿದೆವು. ಮಿಸೆಸ್ ಹೆಡ್ಲಿ ವಿನಿಗರ್ ಸುರಿದರು. ಯಾವುದು ಎಷ್ಟು ಕೆಲಸ ಮಾಡಿತೋ ಇಂದಿಗೂ ಗೊತ್ತಿಲ್ಲ. ಡೋರೀನ್ ಒಂದು ಕಡೆ, ನಾನು ಒಂದು ಕಡೆ, ಸೆರಗು ಸಿಕ್ಕಿಸಿಕೊಂಡು ತೊಟ್ಟಿಯ ಮೇಲೆ ಬಗ್ಗಿದೆವು. ಹತ್ತಿ ನೀರು ಕುಡಿದು ಕೌದಿ ಎಳೆಗರುವಿನಷ್ಟು ಭಾರವಾಯಿತು. ನೀರು ಕೆಂಪಾಯಿತು, ಬಿಟ್ಟೆವು, ಮತ್ತೆ ತುಂಬಿಸಿದೆವು. "ನಿಲ್ಲಿಸ್ಬೇಡ, ಆಡಿಸ್ತಾ ಇರು," ಎಂದು ನಾನೇ ಹೇಳುತ್ತಿದ್ದೆ. ಕೈ ಮರಗಟ್ಟಿ ಬೆರಳು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಡೋರೀನ್ ಬೈಯುವುದನ್ನು ನಿಲ್ಲಿಸಿದ್ದಳು. ಉಸಿರಿರಲಿಲ್ಲ. ಒಮ್ಮೆ ಅವಳ ಕಡೆಯ ಮೂಲೆ ಕೈಜಾರಿ ಮಡಿಕೆಯಾಗಿ ತಳಕ್ಕೆ ಕೂತಿತು. ಎತ್ತಲು ಇಬ್ಬರೂ ಒದ್ದಾಡಿದೆವು. ಎಷ್ಟು ಹೊತ್ತಾಯಿತೋ.

ಹದಿಮೂರನೆಯ ನೀರು ತಿಳಿಯಾಗಿ ನಿಂತಿತು.

ಶನಿವಾರ

ಮದುವೆ ನಡೆಯುವಾಗ ಕೌದಿ ಮಿಸೆಸ್ ಹೆಡ್ಲಿಯ ಮುಂದಿನ ಕೋಣೆಯಲ್ಲಿ ನಾಲ್ಕು ಕುರ್ಚಿಗಳ ಬೆನ್ನಿನ ಮೇಲೆ, ಕಲ್ಲಿದ್ದಲ ಬೆಂಕಿಯ ಮುಂದೆ ಒಣಗುತ್ತಿತ್ತು. ಚರ್ಚಿನಲ್ಲಿ ಪಾದ್ರಿ ಏನು ಹೇಳಿದರೋ ನನಗೆ ನೆನಪಿಲ್ಲ. ಊಟ ಮುಗಿದು, ಗಂಡು ಹೆಣ್ಣು ಸಮುದ್ರದ ಕಡೆ ಹೊರಡುವ ಹೊತ್ತಾಯಿತು. ಕೌದಿ ಅವರ ಜೊತೆ ಹೋಗಬೇಕು. ಮಿಸೆಸ್ ಹೆಡ್ಲಿ ಟೋಪಿಯನ್ನೂ ತೆಗೆಯದೆ ನನ್ನನ್ನು ಆ ಕೋಣೆಗೆ ಕರೆದುಕೊಂಡು ಹೋದರು. ಹಿಂದೆಯೇ ಡೋರೀನ್ ಬಂದಳು.

"ನೋಡ್ಬಿಟ್ಟು ಹೇಳು. ಬೆಳ್ಳಗಿದ್ಯಾ?"

ಅವರ ಬೆನ್ನ ಹಿಂದೆ ಡೋರೀನ್ ನನಗೆ ತಲೆಯಾಡಿಸಿ, ಬೆಳ್ಳಗಿದೆ ಅನ್ನು ಎಂದು ತುಟಿಯಲ್ಲೇ ತೋರಿಸಿದಳು. ಅವಳ ಕಣ್ಣು ತುಂಬಿತ್ತು. ಹೇಳಬಹುದಿತ್ತು. ಅವರಿಗೆ ಕಾಣುತ್ತಿರಲಿಲ್ಲ. ಕೊನೆಯ ಕೌದಿ, ಅಚ್ಚ ಬಿಳಿ ಎಂದುಕೊಂಡೇ ಇದ್ದುಬಿಡುತ್ತಿದ್ದರು.

"ಇಷ್ಟೂ ಬೆಳ್ಳಗಿದೆ," ಎಂದೆ. "ಒಂದು ಮೂಲೇಲಿ ಮಾತ್ರ, ಒಂದು ಮೊಳದಷ್ಟು, ಗುಲಾಬಿ ಹಿಡಿದಿದೆ. ಅದು ಇನ್ನು ಹೋಗಲ್ಲ."

ಡೋರೀನ್ ಬಾಗಿಲಿಗೆ ಒರಗಿ ನಿಂತಳು. ಮಿಸೆಸ್ ಹೆಡ್ಲಿ ಕೈ ಚಾಚಿದರು. ಅವರ ಬೆರಳನ್ನು ಹಿಡಿದು ಗುಲಾಬಿ ಶುರುವಾಗುವಲ್ಲಿಗೆ ಇಟ್ಟೆ. ಅವರು ನಿಧಾನವಾಗಿ ಬೆರಳು ಸರಿಸುತ್ತಾ ಹೋದರು. ಒಂದು ಕಡೆ ನಿಂತಿತು.

"ಇದು ನಾ ಹೊಲ್ದಿದ್ ಗರಿ."

"ಹೌದು."

"ಇಷ್ಟೇನಾ?"

"ಇಷ್ಟೇ."

ಇನ್ನೊಮ್ಮೆ ಮೊದಲಿನಿಂದ ಕೊನೆಯವರೆಗೆ ಬೆರಳಾಡಿಸಿದರು. "ಹಂಗಾದ್ರೆ ಈ ಮೂಲೆ ಕಾಲ್ ಕಡೆ ಬರ್ಲಿ. ಹೋಗು, ಹುಡುಗಿ ಕಾರು ಹತ್ತೋಕ್ ಮುಂಚೆ ನೀನೇ ಹೇಳ್ಬಿಟ್ಟು ಬಾ. ಒಗೆಯೋದ್ ಹೆಂಗೆ ಅಂತ್ಲೂ ಹೇಳು."

ಕೌದಿಯನ್ನು ಮಡಚಿ ಎತ್ತಿಕೊಂಡು ಹೊರಗೆ ಬಂದಾಗ ಹುಡುಗಿ ಆಗಲೇ ಕಾರಿನಲ್ಲಿ ಕುಳಿತಿದ್ದಳು. ತಲೆಯ ತುಂಬ ಬಣ್ಣದ ಕಾಗದದ ಚೂರು. ಅವಳ ತೊಡೆಯ ಮೇಲೆ ಅದನ್ನಿಟ್ಟು, ಆ ಮೂಲೆ ಬಿಡಿಸಿ ತೋರಿಸಿ, ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸೀರೆ ನನ್ನದು, ಬಣ್ಣ ನಿಲ್ಲುತ್ತೆ ಎಂದವಳೂ ನಾನೇ ಎಂದೆ. ಅವಳು ಗುಲಾಬಿಯ ಮೇಲೆ ಹೆಬ್ಬೆರಳಿಟ್ಟು ನೋಡಿದಳು.

"ಅಜ್ಜಿಗೆ ಗೊತ್ತಾ?"

"ಗೊತ್ತು."

"ಹಂಗಾದ್ರೆ ಸರಿ," ಎಂದು ಆ ಮೂಲೆಯನ್ನು ಒಳಕ್ಕೆ ಮಡಚಿಕೊಂಡಳು. "ತಣ್ಣೀರಲ್ಲೇ ಅಲ್ವಾ?"

"ತಣ್ಣೀರಲ್ಲೇ. ಒಬ್ಳೇ ಒಗಿಯೋಕೆ ಹೋಗ್ಬೇಡ," ಎಂದೆ. "ಆ ಕಡೆ ಹಿಡ್ಕೊಳ್ಳೋಕೆ ಇನ್ನೊಬ್ರು ಬೇಕು."

ಅವಳು ಪಕ್ಕದಲ್ಲಿದ್ದ ಗಂಡನ ಕೈಗಳನ್ನು ಒಮ್ಮೆ ನೋಡಿದಳು. ಕಾರು ಹೊರಟಿತು.